ಎರವಲು ತಂದ ಸ್ವರ

ಒಂಬತ್ತು ರಾತ್ರಿಗಳ ಹಾಡು ಮುಗಿದಿತ್ತು. ಬಿಳಿ ಬಟ್ಟೆ, ಕಾಗದದ ಹೂವು, ಮೇಣದ ಬತ್ತಿಗಳಿಂದ ಕಟ್ಟಿದ್ದ ಮಂಟಪವನ್ನು ಬಿಚ್ಚಿ, ಎಲಾಡಿಯೊನ ಆತ್ಮ ಹೊರಟುಹೋಗಲೆಂದು ಬಾಗಿಲು ತೆರೆದುಕೊಟ್ಟು, ಹೆಂಗಸರು ತಮ್ಮ ತಮ್ಮ ದೋಣಿ ಹತ್ತಿ ಹೋಗಿದ್ದರು. ಮಾರನೆಯ ದಿನ ಬೆಳಿಗ್ಗೆ ಅವನ ಹೆಂಡತಿ ಲುಸೆಲಿ ತಾನೇ ಒಲೆ ಹಚ್ಚಿದಳು. ಅಷ್ಟೂ ದಿನ ಒಲೆ ನೆರೆಯವರ ಕೈಯಲ್ಲಿತ್ತು. ಸೌದೆ ಎಲ್ಲಿದೆ, ಬೆಂಕಿಪೊಟ್ಟಣ ಎಲ್ಲಿದೆ ಎಂದು ತನ್ನ ಮನೆಯಲ್ಲಿ ತಾನೇ ಹುಡುಕಬೇಕಾಯಿತು.

ಮನೆಯ ಕೆಳಗೆ ಗುವಾಪಿ ನದಿ ಉಬ್ಬರಕ್ಕೆ ಏರುತ್ತಿತ್ತು. ಕಂಬಗಳಿಗೆ ನೀರು ಬಡಿಯುವ ಸದ್ದು ಕೇಳಿ, ಊದುಗೊಳವೆಯಿಂದ ಬಾಯಿ ತೆಗೆಯುತ್ತಲೇ ಅವಳು ಹೇಳಿದಳು: "ಚಪ್ಪಲಿ ಒಳಗೆ ತಗೋ, ನೀರು ಬಂತು."

ದಿನಾ ಹೇಳುವ ಮಾತು. ಎಲಾಡಿಯೊ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮರೆತು, ವರ್ಷಕ್ಕೆ ಮೂರು ನಾಲ್ಕು ಜೊತೆಯನ್ನಾದರೂ ನದಿಗೆ ಕೊಡುತ್ತಿದ್ದ. ಮಾತು ಅಡುಗೆಮನೆಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಅವಳಿಗೆ ಅಳು ಬರಲಿಲ್ಲ. ಬರಬೇಕಿತ್ತು ಎನ್ನುವುದೂ ಆಮೇಲೆ ಹೊಳೆಯಿತು. ಮತ್ತೆ ಒಲೆ ಊದಿದಳು.

ಹೊಗೆ ಎದ್ದು, ಜಂತೆಯಿಂದ ನೇತುಬಿಟ್ಟಿದ್ದ ಹಲಗೆಯೊಂದನ್ನು ಸುತ್ತಿಕೊಂಡಿತು. ಚೋಂತಾ ತಾಳೆಮರದ ಹಲಗೆ, ಮೈತುಂಬ ಕಪ್ಪು ಗೀರು. ಚಂದ್ರ ಕರಗುವ ದಿನಗಳನ್ನು ನೋಡಿ ಕಡಿದು ತಂದು, ಎಲಾಡಿಯೊ ಅದನ್ನು ಒಲೆಯ ನೆತ್ತಿಯ ಮೇಲೆ ಕಟ್ಟಿದ್ದ. ತಿಂಗಳುಗಟ್ಟಲೆ ಹೊಗೆ ಕುಡಿದರೆ ಮಾತ್ರ ಅದು ಕೋಲಿನಿಂದ ಬಡಿದು ನುಡಿಸುವ ಮರಿಂಬಾ ವಾದ್ಯದ ಪಟ್ಟಿಯಾಗಲು ಯೋಗ್ಯ. ಅದು ಒಣಗುವುದರೊಳಗೆ, ನದಿ ಸಮುದ್ರ ಸೇರುವಲ್ಲಿ ತೇಲಿಬಂದ ದಿಮ್ಮಿಯೊಂದಕ್ಕೆ ಅವನ ದೋಣಿ ಗುದ್ದಿತು.

ಮುಂದಿನ ಕೋಣೆಯಲ್ಲಿ ಮರಿಂಬಾ ಹಗ್ಗದಲ್ಲಿ ತೂಗುತ್ತಿತ್ತು, ಬಿಳಿ ದುಪ್ಪಟಿ ಹೊದ್ದುಕೊಂಡು. ದೊಡ್ಡವರು ಸತ್ತರೆ ಯಾವ ವಾದ್ಯವನ್ನೂ ನುಡಿಸುವಂತಿಲ್ಲ. ಬರೀ ಗಂಟಲಿನ ಹಾಡು. ಕಾಲಿ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಓದುವಾಗ ಲುಸೆಲಿ ಪ್ರಬಂಧ ಬರೆದದ್ದು ಆ ಸಾವಿನ ಹಾಡುಗಳ ಮೇಲೆಯೇ. ಯಾವ ಸಾಲಿಗೆ ಯಾರು ದನಿ ಕೂಡಿಸಬೇಕು, ಹೆಂಡತಿ ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲ ಅವಳಿಗೆ ಗೊತ್ತು. ಒಂಬತ್ತು ರಾತ್ರಿಯೂ ಹೆಂಗಸರು ಆ ಜಾಗಕ್ಕೆ ಬಂದಾಗ ಅವಳತ್ತ ನೋಡಿದರು. ಒಂಬತ್ತು ರಾತ್ರಿಯೂ ಅವಳ ಬಾಯಿ ತೆರೆಯಲಿಲ್ಲ.

ದುಪ್ಪಟಿ ಎಳೆದಳು. ಕೆಳಗೆ ಬಿದಿರಿನ ಕೊಳವೆಗಳ ಸಾಲು, ಅವುಗಳ ಮೇಲೆ ಅಡ್ಡಡ್ಡ ಮರದ ಪಟ್ಟಿಗಳು, ಎಲ್ಲವೂ ಕಾಫಿ ಡಿಕಾಕ್ಷನ್ನಿನ ಬಣ್ಣ. ನಡುವೆ ಒಂದು ಪಟ್ಟಿ ಮಾತ್ರ ಕೆಂಪು. ಅದು ಈ ಮನೆಯದಲ್ಲ.

ಈಸ್ಟರಿಗೆ ಮುಂಚೆ ಇವರ ಮರಿಂಬಾದ ಒಂದು ಪಟ್ಟಿ ಸೀಳಿತ್ತು. ಒಂದು ಮರಿಂಬಾದ ಪಟ್ಟಿಗಳೆಲ್ಲ ಒಂದೇ ಮರದಿಂದ ಬಂದಿರುತ್ತವೆ. ಅದರಲ್ಲಿ ಒಂದನ್ನು ಎರವಲು ಕೊಡು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬಾಯೊಳಗಿನ ಹಲ್ಲು ಕೇಳಿದ ಹಾಗೆ. ಎಲಾಡಿಯೊ ಕೇಳಿದ. ನದಿಯ ಮೇಲ್ಭಾಗದ ಲಾ ಪಾಲ್ಮಿತಾದಲ್ಲಿ ಬೊನಿಫಾಸಿಯೊ ಅಜ್ಜನ ಮುಂದೆ ನಿಂತು ಕೇಳಿಯೇಬಿಟ್ಟ. ಅಜ್ಜ ಬೈದು, ಮತ್ತಷ್ಟು ಬೈದು, ಕೊನೆಗೆ ತನ್ನ ಮರಿಂಬಾದಿಂದಲೇ ಒಂದನ್ನು ಬಿಚ್ಚಿಕೊಟ್ಟನಂತೆ. "ಆಗಸ್ಟಿನಲ್ಲಿ ಕಾಲಿಯ ಸಂಗೀತದ ಹಬ್ಬಕ್ಕೆ ನಾನೂ ಬರ್ತೀನಿ. ನಾನು ವೇದಿಕೆ ಹತ್ತೋದ್ರೊಳಗೆ ತಂದುಕೊಡು" ಎಂದನಂತೆ. ಎಲಾಡಿಯೊ ಮಾತು ಕೊಟ್ಟು ಬಂದ.

ಆದರೆ ಆ ಪಟ್ಟಿ ಅಜ್ಜನ ತಂಗಿ ಇಲಾರಿಯಾಳ ತುಂಬು ದನಿಗೆ ಕೂಡಿಸಿದ್ದು. ಈ ನದಿಯಲ್ಲಿ ಮರಿಂಬಾಕ್ಕೆ ಬೇರೆ ಶ್ರುತಿ ಇಲ್ಲ. ಮನೆಯ ಹೆಂಗಸು ಹಾಡುತ್ತಾಳೆ, ಗಂಡಸು ಪಟ್ಟಿಯ ಒಳಮೈಯನ್ನು ಅವಳ ದನಿ ಸಿಗುವವರೆಗೆ ಕೆರೆಯುತ್ತಾನೆ. ಎಲಾಡಿಯೊ ಲುಸೆಲಿಯನ್ನು ಅಡುಗೆಮನೆಯ ನಡುವೆ ನಿಲ್ಲಿಸಿದ್ದ.

"ಹಾಡು."

"ಹಾಡ್ತಾನೇ ಇದೀನಲ್ಲ."

"ಇದು ಹಾಡಲ್ಲ, ಟೀಚರಮ್ಮ ಹಾಜರಿ ಕರೆದಂಗಿದೆ. ಅನ್ನ ಸೀದಾಗ ನನ್ನ ಕೂಗ್ತೀಯಲ್ಲ, ಆ ದನಿ ಕೊಡು."

"ಅನ್ನ ಸೀದೇ ಸೀಯುತ್ತೆ, ನೀನು ಹಿಂಗೇ ನಿಲ್ಲಿಸಿದ್ರೆ."

"ಸೀಯ್ಲಿ ಬಿಡು. ಆಗ ತಾನಾಗೇ ಬರುತ್ತೆ."

ಅವಳು ಕೂಗಿದಳು. ಅವನು ಪಟ್ಟಿಯ ತುದಿಗಳನ್ನು ಕೂದಲೆಳೆಯಷ್ಟು ಕೆರೆದ, ಬಡಿದ, ತಲೆಯಾಡಿಸಿದ, ಮತ್ತೆ ಕೆರೆದ. ಅನ್ನ ನಿಜವಾಗಿಯೂ ಸೀದುಹೋಯಿತು. ಸಂಜೆಯ ಹೊತ್ತಿಗೆ ಮರವೂ ಅವಳ ಗಂಟಲೂ ಒಂದೇ ಮಾತು ಆಡಿದವು. "ಇನ್ನು ನೀನು ಬೈದ್ರೂ ಶ್ರುತೀಲೇ ಬೈತೀಯಾ" ಎಂದಿದ್ದ ಅವನು.

ಪಟ್ಟಿ ಅಜ್ಜನದು. ಅದರೊಳಗಿನ ದನಿ ಅವಳದು. ಎಲಾಡಿಯೊ ಕೈಯಾರೆ ಕೆರೆದು ಇಟ್ಟುಹೋದದ್ದು ಅದೊಂದೇ.

ಒಂಬತ್ತು ರಾತ್ರಿಗಳಲ್ಲಿ ಒಂದು ದಿನ ಬೊನಿಫಾಸಿಯೊ ಅಜ್ಜ ಬಂದಿದ್ದ. ಜಗುಲಿಯಲ್ಲಿ ಕೂತು, ಕೊಟ್ಟ ಕಬ್ಬಿನ ಸಾರಾಯಿಯನ್ನು ಎರಡು ಗುಟುಕು ಕುಡಿದು, ದುಪ್ಪಟಿ ಹೊದ್ದ ಮರಿಂಬಾವನ್ನು ಒಮ್ಮೆ ನೋಡಿ ಎದ್ದುಹೋದ. ಕೇಳಿದ್ದರೆ ಲುಸೆಲಿ ಆಗಲೇ ಬಿಚ್ಚಿಕೊಟ್ಟುಬಿಡುತ್ತಿದ್ದಳು. ಅವನು ಕೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಸೆರ್ವಾಂದೊ ಬಂದ. ಎಲಾಡಿಯೊನ ದೊಡ್ಡಪ್ಪನ ಮಗ. ಒಂದು ಮರಿಂಬಾಕ್ಕೆ ಇಬ್ಬರು ನಿಲ್ಲುತ್ತಾರೆ. ಮೇಲಿನ ಸ್ವರಗಳು ಎಲಾಡಿಯೊನವು, ಕೆಳಗಿನವು ಸೆರ್ವಾಂದೊನವು. ಚಿಕ್ಕಂದಿನಿಂದ ಹೆಗಲಿಗೆ ಹೆಗಲು ತಾಗಿಸಿ ನಿಂತವನು ಈಗಲೂ ಒಂದು ಬದಿಗೆ ವಾಲಿಕೊಂಡೇ ನಡೆಯುತ್ತಿದ್ದ. ಅವನ ಹಿಂದೆ ಎಲಾಡಿಯೊನ ಸೋದರತ್ತೆ ದೋರಿಲಾ, ಕೈಯಲ್ಲಿ ಮೀನಿನ ಸಾರಿನ ಪಾತ್ರೆ.

"ಹಬ್ಬದ ಸ್ಪರ್ಧೆಗೆ ಹೆಸರು ಕೊಟ್ಟಾಗಿದೆ ಲುಸೆಲಿ. ಅವನ ಹೆಸರಲ್ಲೇ ಹೋಗಿಬರೋಣ ಅಂತ. ಮೇಲಿನ ಕಡೆ ನಾನೇ ನಿಲ್ತೀನಿ, ಕೆಳಗಿನದು ಯಾರಾದ್ರೂ ನೋಡ್ಕೋತಾರೆ."

"ನೀನು ಹಾಡ್ಬೇಕು ಅಂತ ಯಾರೂ ಅಂತಿಲ್ಲ ಕಣಮ್ಮ" ಎಂದಳು ದೋರಿಲಾ. "ನಾನಿದೀನಿ."

"ಅತ್ತೆ ಹಾಡಿದ್ರೆ ಜನ ಹಬ್ಬ ಬಿಟ್ಟು ಓಡ್ತಾರೆ" ಎಂದ ಸೆರ್ವಾಂದೊ.

"ಓಡಿದ್ರೂ ತಾಳಕ್ಕೇ ಓಡ್ತಾರೆ ಬಿಡು. ನೀನು ಹೊಡೆದಾಗ ಅದೂ ಆಗಲ್ಲ."

ಲುಸೆಲಿ ಸಾರಿನ ಪಾತ್ರೆ ಇಸಕೊಂಡಳು. "ಅಜ್ಜನ ಪಟ್ಟಿ ಕೊಡ್ಬೇಕು ಭಾವ."

"ಕೊಡೋಣ. ನಮ್ಮದು ಆದ ಮೇಲೆ ಕೊಡೋಣ."

"ಅಜ್ಜ ಶನಿವಾರ ಹತ್ತೋದು. ನಾವು ಭಾನುವಾರ. ಅದಕ್ಕೆ ಮುಂಚೆ ಅಂತ ಮಾತಿತ್ತು."

"ಮಾತು ಕೊಟ್ಟೋನೇ…" ಸೆರ್ವಾಂದೊ ನಿಲ್ಲಿಸಿದ. ನದಿಯ ಕಡೆ ನೋಡಿದ. "ಅದಿಲ್ದೆ ನಮ್ಮ ಮರಿಂಬಾ ಬೊಚ್ಚುಬಾಯಿ. ನೀನೇ ಯೋಚ್ನೆ ಮಾಡು."

ಅವಳು ಹಗ್ಗ ಸಡಿಲಿಸಿ ಕೆಂಪು ಪಟ್ಟಿಯನ್ನು ಹೊರಗೆ ಜಾರಿಸಿದಳು. ಎಲಾಡಿಯೊ ಕುಣಿತಕ್ಕೆ ಹಿಡಿಯುತ್ತಿದ್ದ ಬಿಳಿ ಕರವಸ್ತ್ರದಲ್ಲಿ ಸುತ್ತಿದಳು. "ಇದು ನನ್ನ ಹತ್ರ ಇರ್ಲಿ."

ಯಾರಿಗಾಗಿ ಅದನ್ನು ಇಟ್ಟುಕೊಂಡೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅಜ್ಜನಿಗಾಗಿ ಅಲ್ಲ, ಸೆರ್ವಾಂದೊನಿಗಾಗಿಯೂ ಅಲ್ಲ. ಮುಂದಿನ ವಾರಗಳಲ್ಲಿ ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಬಾಗಿಲು ಹಾಕಿ, ಕರವಸ್ತ್ರ ಬಿಚ್ಚಿ, ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ತಟ್ಟುತ್ತಿದ್ದಳು. ಪಟ್ಟಿ ಕೂಗುತ್ತಿತ್ತು. ಅನ್ನ ಸೀಯುತ್ತಿದೆ, ಬಾ. ಅಷ್ಟು ಕೇಳಿ ಮತ್ತೆ ಸುತ್ತಿಡುತ್ತಿದ್ದಳು.

ಆಗಸ್ಟಿನಲ್ಲಿ ಕಾಲಿಗೆ ಹೊರಟರು. ಸಮುದ್ರದ ಮೇಲೆ ಲಾಂಚು, ಆಮೇಲೆ ಬೆಟ್ಟ ಹತ್ತಿ ಇಳಿಯುವ ಬಸ್ಸು. ಮರಿಂಬಾವನ್ನು ಬಸ್ಸಿನ ನೆತ್ತಿಗೆ ಕಟ್ಟಿದರು. ಪಟ್ಟಿ ಅವಳ ತೊಡೆಯ ಮೇಲಿನ ಚೀಲದಲ್ಲಿತ್ತು.

ಹಬ್ಬದ ಬಯಲಿನಲ್ಲಿ ಕರಾವಳಿಯ ನದಿಗಳೆಲ್ಲ ಬಂದು ಸೇರಿದ್ದವು. ತೆಂಗಿನಹಾಲಿನಲ್ಲಿ ಬೆಂದ ಏಡಿ, ಹೊಗೆಯಾಡಿಸಿದ ಮೀನು, ಎಣ್ಣೆಯಲ್ಲಿ ಬೀಳುವ ಬಾಳೆಕಾಯಿಯ ವಾಸನೆ ಪೆಟ್ರೋಲಿನ ವಾಸನೆಯನ್ನು ಅದುಮಿಟ್ಟಿತ್ತು. ನಗರದ ಹುಡುಗಿಯರು ಸಾಲಾಗಿ ಕೂತು ತಲೆಗೆ ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಕಳೆದ ಮೇಲೆ ಬೆಟ್ಟದ ಗಾಳಿ ಇಳಿಯಿತು, ಕಾಲಿಯ ಜನ ದಿನವಿಡೀ ಕಾಯುವ ಗಾಳಿ.

ಕಾಲೇಜಿನಲ್ಲಿದ್ದಾಗ ಇಲ್ಲಿಯೇ ಅವಳು ಅವನನ್ನು ಮೊದಲು ಕಂಡದ್ದು. ವೇದಿಕೆ ಇಳಿದು ಬಂದವನನ್ನು ತಡೆದು, ನಿಮ್ಮ ಮರಿಂಬಾ ಯಾವ ಶ್ರುತಿಯಲ್ಲಿದೆ ಎಂದು ಬಲು ಗಂಭೀರವಾಗಿ ಕೇಳಿದ್ದಳು. "ನಮ್ಮಮ್ಮನ ಶ್ರುತೀಲಿ" ಎಂದಿದ್ದ. ತಮಾಷೆ ಎಂದುಕೊಂಡು ಅವಳಿಗೆ ಸಿಟ್ಟು ಬಂದಿತ್ತು.

ಸಾರಾಯಿ ಮಾರುವ ಹೆಂಗಸೊಬ್ಬಳು ಗುರುತು ಹಿಡಿದಳು. ಪ್ರತಿವರ್ಷ ಅದೇ ಮೂಲೆಯಲ್ಲಿ, ಬೇರು ಹಾಕಿದ ಬಾಟಲಿಗಳ ಹಿಂದೆ ಕೂರುವವಳು.

"ಬಂದ್ಯಾ ಗುವಾಪಿಯೋಳೇ. ಗಂಡ ಎಲ್ಲಿ? ಮರಿಂಬಾ ಹೊತ್ಕೊಂಡು ಹಿಂದೆ ಬರ್ತಿದಾನಾ?"

"ಇಲ್ಲ."

"ಗಂಡಸ್ರೇ ಹಂಗೆ, ಯಾವಾಗ್ಲೂ ಹಿಂದೆ. ತಗೋ, ಇದು ಅವನ ಪಾಲಿಂದು, ನೀನೇ ಕುಡಿದುಬಿಡು. ಬಂದ್ಮೇಲೆ ಹೊಟ್ಟೆ ಉರ್ಕೊಳ್ಳಿ."

ಲುಸೆಲಿ ಕುಡಿದಳು. ಗಂಟಲು ಸುಟ್ಟಿತು. ಹೇಳಬೇಕಾದ್ದನ್ನು ಹೇಳದೆ ಲೋಟ ವಾಪಸು ಕೊಟ್ಟಳು.

ವೇದಿಕೆಯ ಮೇಲೆ ಬೊನಿಫಾಸಿಯೊ ಅಜ್ಜನ ತಂಡ ಹತ್ತಿತು. ಲುಸೆಲಿ ಚೀಲವನ್ನು ಎದೆಗೆ ಅವಚಿಕೊಂಡು ಜನರ ನಡುವೆ ನಿಂತಿದ್ದಳು. ಪಕ್ಕದಲ್ಲಿ ಸೆರ್ವಾಂದೊ. ಅಜ್ಜ ಹತ್ತುವುದರೊಳಗೆ ಎಂಬ ಮಾತಿನ ಹೊತ್ತು ಮೀರಿತು. ಅವಳ ಕಾಲು ಕದಲಲಿಲ್ಲ.

ದೊಡ್ಡ ಡೋಲು ಒಮ್ಮೆ ಗುಡುಗಿತು. ಇಲಾರಿಯಾ ಬಿದಿರಿನ ಗಿಲಕಿ ಅಲ್ಲಾಡಿಸಿ ದನಿ ಎತ್ತಿದಳು. ಅಜ್ಜನ ಎರಡು ಕೋಲುಗಳು ಮರದ ಮೇಲೆ ಮಳೆಯಂತೆ ಇಳಿದವು. ಬಯಲಿನ ತುಂಬ ಬಿಳಿ ಕರವಸ್ತ್ರಗಳು ಮೇಲೆದ್ದು ತಿರುಗತೊಡಗಿದವು.

ಆಗ ಅವಳಿಗೆ ಅದು ಕೇಳಿಸಿತು. ಪಟ್ಟಿ ಇಲ್ಲದ ಜಾಗವನ್ನು ಬೇರೆ ಯಾರಾದರೂ ಆಗಿದ್ದರೆ ದಾಟಿಕೊಂಡು ಹೋಗುತ್ತಿದ್ದರು, ಪಕ್ಕದ ಸ್ವರದಲ್ಲಿ ಹೊಂದಿಸಿಕೊಳ್ಳುತ್ತಿದ್ದರು. ಅಜ್ಜ ದಾಟಲಿಲ್ಲ. ಆ ಸ್ವರ ಬರಬೇಕಾದ ಪ್ರತಿ ಸಲವೂ ಅವನ ಕೋಲು ಎರಡು ಹಗ್ಗಗಳ ನಡುವಿನ ಖಾಲಿಗೆ ಇಳಿದು, ಏನನ್ನೂ ಮುಟ್ಟದೆ ಮೇಲೆ ಬರುತ್ತಿತ್ತು. ಒಮ್ಮೊಮ್ಮೆ ಇಲಾರಿಯಾಳ ದನಿ ಆ ಜಾಗವನ್ನು ತುಂಬುತ್ತಿತ್ತು. ಒಮ್ಮೊಮ್ಮೆ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು. ಆಗ ಅಲ್ಲಿ ಏನೂ ಇರುತ್ತಿರಲಿಲ್ಲ. ಕುಣಿಯುವವರಿಗೆ ಅದು ತಿಳಿಯಲಿಲ್ಲ. ಲುಸೆಲಿಗೆ ಅದರ ಹೊರತು ಬೇರೇನೂ ಕೇಳಿಸಲಿಲ್ಲ.

"ಮುದುಕನ ನಾಟಕ ನೋಡು" ಎಂದ ಸೆರ್ವಾಂದೊ. "ತೀರ್ಪುಗಾರರ ಮುಂದೆ ನಮ್ಮ ಮಾನ ಕಳೀತಿದಾನೆ."

ಹಾಡು ಮುಗಿದು ತಂಡ ಇಳಿಯತೊಡಗಿದಾಗ ಅವಳು ಜನರನ್ನು ಸರಿಸಿಕೊಂಡು ಮುಂದೆ ಹೊರಟಳು.

"ಲುಸೆಲಿ, ಎಲ್ಲಿಗೆ? ಅವರದಂತೂ ಆಗಿಹೋಯ್ತಲ್ಲ. ಈಗ ಕೊಟ್ಟು ಯಾರಿಗೇನು ಬಂತು? ನಾಳೆ ನಾವೇನು ಹೊಡೀಬೇಕು?"

"ಅಜ್ಜ ಹೊಡೆದದ್ದನ್ನೇ."

ವೇದಿಕೆಯ ಹಿಂದೆ ಡೇರೆಯೊಂದರಲ್ಲಿ ಅಜ್ಜ ಸೋಡಾ ಕ್ರೇಟಿನ ಮೇಲೆ ಕೂತು, ಬಾಳೆಲೆ ಬಿಚ್ಚಿ ಕಡುಬು ತಿನ್ನುತ್ತಿದ್ದ. ಇಲಾರಿಯಾ ಅವನ ಟೋಪಿಯಿಂದ ತನಗೆ ಗಾಳಿ ಹಾಕಿಕೊಳ್ಳುತ್ತಿದ್ದಳು. ಮರಿಂಬಾ ಪಕ್ಕದಲ್ಲಿತ್ತು, ನಡುವೆ ಒಂದು ಬೆರಳುಗಲದ ಕತ್ತಲೆ.

"ಬಾ ಮಗಾ" ಎಂದಳು ಇಲಾರಿಯಾ. "ಊಟ ಆಯ್ತಾ? ಇವನ ಎಲೇಲಿ ಇನ್ನೂ ಇದೆ."

"ಇರೋದು ನನಗೆ" ಎಂದ ಅಜ್ಜ.

ಲುಸೆಲಿ ನಿಂತೇ ಕೇಳಿದಳು. "ಅಜ್ಜ, ಖಾಲಿ ಜಾಗಕ್ಕೆ ಯಾಕೆ ಹೊಡೀತಿದ್ರಿ?"

"ಹೊಡೀತಿದ್ನಾ?" ಅವನು ತಂಗಿಯ ಮುಖ ನೋಡಿದ.

"ಈಸ್ಟರಿಂದ ಹೊಡೀತಾನೇ ಇದೀಯಾ. ಮನೇಲೂ. ಹೇಳಿ ಹೇಳಿ ಸಾಕಾಯ್ತು."

ಅಜ್ಜ ತನ್ನ ಬಲಗೈಯನ್ನು ಮೇಲೆತ್ತಿ, ಅದು ಬೇರೆ ಯಾರದೋ ಎನ್ನುವಂತೆ ತಿರುಗಿಸಿ ನೋಡಿದ. "ತಲೆಗೆ ಗೊತ್ತು ಮಗಾ. ಕೈಗೆ ಇನ್ನೂ ಗೊತ್ತಾಗಿಲ್ಲ."

ಲುಸೆಲಿಗೆ ಮೆಟ್ಟಿಲ ಬುಡ ಕಣ್ಣಮುಂದೆ ಬಂತು, ಅಲ್ಲಿಗೆ ಏರುವ ನೀರು, ಚಪ್ಪಲಿ ತಗೋ ಎಂದ ತನ್ನ ಬಾಯಿ. ಅವಳು ಮಣ್ಣಿನ ಮೇಲೆ ಕೂತು ಕರವಸ್ತ್ರ ಬಿಚ್ಚಿದಳು.

"ಇದು ನೀವು ಕೊಟ್ಟ ಹಾಗೆ ಇಲ್ಲ. ತುದಿ ಕೆರೆದಿದಾನೆ. ನನ್ನ ದನಿಗೆ."

ಅಜ್ಜ ಕೈ ಒರೆಸಿಕೊಂಡು, ಪಟ್ಟಿಯನ್ನು ಎರಡು ಬೆರಳಲ್ಲಿ ನೇತುಹಿಡಿದು ಕೋಲಿನಿಂದ ಬಡಿದ. ಕಣ್ಣು ಮುಚ್ಚಿದ.

"ಮೇಲೆ ಹೋಗಿದೆ."

"ಎಳೇ ಗಂಟಲು" ಎಂದಳು ಇಲಾರಿಯಾ. "ಚೆನ್ನಾಗಿ ಕೂಡಿಸಿದಾನೆ ಹುಡುಗ."

ಅಜ್ಜ ಸೊಂಟದಿಂದ ಸಣ್ಣ ಚಾಕು ತೆಗೆದ. ತೆಗೆದವನು ಅದನ್ನು ಮಂಡಿಯ ಮೇಲಿಟ್ಟುಕೊಂಡ. "ನಡುವೆ ಕೆರೆದ್ರೆ ಇಳಿಯುತ್ತೆ. ಆದ್ರೆ ಇಳಿಸಿದ್ರೆ ಮುಗೀತು, ಮತ್ತೆ ಏರಿಸೋದಕ್ಕೆ ಇದರಲ್ಲಿ ಮರ ಉಳಿದಿಲ್ಲ. ತಟ್ಟಿ ನೋಡ್ಬೇಕು ಅನ್ಸಿದ್ರೆ ಆಮೇಲೆ ನನ್ನ ಬೈಬೇಡ." ಪಟ್ಟಿಯನ್ನು ಅವಳ ಮಡಿಲಿಗೆ ವಾಪಸು ಇಟ್ಟ. "ಬೇಕಾದ್ರೆ ನೀನೇ ಇಟ್ಕೋ. ಖಾಲೀಲಿ ಹೊಡ್ಕೊಂಡಿರ್ತೀನಿ, ನನಗೇನು ಹೊಸದಲ್ಲ."

"ಇವನಿಗೇನು" ಎಂದಳು ಇಲಾರಿಯಾ. "ಆ ಖಾಲಿ ತುಂಬಿ ತುಂಬಿ ಹರಿಯೋದು ನನ್ನ ಗಂಟಲು."

ತಾನು ತಟ್ಟುವುದು ಅವನಿಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ. ಪಟ್ಟಿ ಮಡಿಲಲ್ಲಿ ಬೆಚ್ಚಗಿತ್ತು. ಕೊಡಬೇಕೆಂದೇ ಬಂದವಳ ಕೈ ಅದರ ಎರಡೂ ತುದಿ ಹಿಡಿದುಕೊಂಡು ಬಿಡಲಿಲ್ಲ. ಡೇರೆಯ ಬಾಗಿಲಲ್ಲಿ ಸೆರ್ವಾಂದೊ ಬಂದು ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು.

"ಒಂದ್ಸಲ ದನಿ ಕೊಡು" ಎಂದಳು ಇಲಾರಿಯಾ. "ಕೆರೆಯೋಕೆ ಮುಂಚೆ, ಅವನು ಕೂಡಿಸಿದ್ದ ದನಿ ಎಲ್ಲಿತ್ತು ಅಂತ ಕೇಳೋಣ."

"ಬರಲ್ಲ ಅಜ್ಜಿ. ಒಂಬತ್ತು ರಾತ್ರೀನೂ ಬರ್ಲಿಲ್ಲ."

"ಹಾಡು ಅಂತಿಲ್ಲ ನಾನು. ಊಟಕ್ಕೆ ಕೂಗಿದಂಗೆ ಕೂಗು, ಸಾಕು."

ಹೊರಗೆ ಇನ್ನೊಂದು ತಂಡ ವೇದಿಕೆ ಹತ್ತುತ್ತಿತ್ತು, ಯಾರೋ ಮೈಕಿಗೆ ಊದುತ್ತಿದ್ದರು. ಆ ಗದ್ದಲ ಇದ್ದದ್ದರಿಂದಲೇ ಇರಬೇಕು, ಅವಳು ಬಾಯಿ ತೆರೆದಳು. ಎಲಾಡಿಯೋ ಎಂದು ಕೂಗಿದಳು. ಒಲೆಯ ಮುಂದಿನಿಂದ, ನದಿಯ ಕಡೆ ಮುಖ ಮಾಡಿ, ಕೊನೆಯ ಅಕ್ಷರವನ್ನು ಎಳೆದು ಕೂಗುತ್ತಿದ್ದ ಹಾಗೆಯೇ ಎಳೆದಳು.

ದನಿ ಬಂತು. ದಪ್ಪಗೆ, ಧೂಳು ಹಿಡಿದು, ಎಲ್ಲೋ ಕೆಳಗಿನಿಂದ ಬಂತು. ಅದು ನಿಲ್ಲುವುದರೊಳಗೆ ಅಜ್ಜ ಅವಳ ಮಡಿಲಿನತ್ತ ಬಾಗಿ ಪಟ್ಟಿಯನ್ನು ಬಡಿದ. ಎರಡೂ ಕೂಡಲಿಲ್ಲ. ಪಟ್ಟಿ ಮೇಲೆ ಎಲ್ಲೋ ಒಂದು ಕಡೆ ತೆಳ್ಳಗೆ ಕೂಗಿಕೊಂಡಿತು, ಅವಳ ದನಿ ಕೆಳಗೆ ಬೇರೆ ದಾರಿಯಲ್ಲಿತ್ತು.

"ಇನ್ನೊಂದ್ಸಲ" ಎಂದಳು ಲುಸೆಲಿ.

ಮತ್ತೆ ಕೂಗಿದಳು. ಅಜ್ಜ ಮತ್ತೆ ಬಡಿದ. ಕೂಡಲಿಲ್ಲ.

"ಇಳಿದಿದೆ ಕಣಮ್ಮ" ಎಂದಳು ಇಲಾರಿಯಾ, ಟೋಪಿ ಬೀಸುವುದನ್ನು ನಿಲ್ಲಿಸಿ.

"ಮತ್ತೆ ಏರುತ್ತಾ?"

"ನಂದು ಏರ್ಲಿಲ್ಲ. ನಮ್ಮನೆಯೋರು ಹೋದಾಗ ಇಳಿದದ್ದು ಇಲ್ಲೇ ನಿಂತಿದೆ. ಹಾಡೋದಕ್ಕೆ ಇಷ್ಟು ಸಾಕಾಗುತ್ತೆ."

ಲುಸೆಲಿ ಪಟ್ಟಿಯನ್ನು ಎತ್ತಿ ಒಳಮೈ ನೋಡಿದಳು. ತುದಿಗಳಲ್ಲಿ ಎಲಾಡಿಯೊನ ಚಾಕುವಿನ ಗುರುತುಗಳು ಸಣ್ಣಗೆ, ಒಂದರ ಪಕ್ಕ ಒಂದು ಇದ್ದವು. ಅವನು ಕೂಡಿಸಿದ್ದು ಅನ್ನ ಸೀದುಹೋಗುತ್ತಿದ್ದಾಗ ಕೂಗಿದ ಒಬ್ಬಳ ದನಿಯನ್ನು. ಅವಳು ಈಗ ಎಲ್ಲೂ ಇರಲಿಲ್ಲ, ಮರದಲ್ಲಿ ಬಿಟ್ಟು. ಮನೆಯಲ್ಲಿ ಒಲೆಯ ಮೇಲೆ ಇನ್ನೊಂದು ಹಲಗೆ ಹೊಗೆ ಕುಡಿಯುತ್ತಿದೆ ಎಂಬುದು ನೆನಪಾಯಿತು. ಅದು ಒಣಗಿದಾಗ ಸೆರ್ವಾಂದೊ ಕೆರೆಯಬೇಕು, ತಾನು ಅಡುಗೆಮನೆಯ ನಡುವೆ ನಿಂತು ಈ ದಪ್ಪ ದನಿಯನ್ನೇ ಕೊಡಬೇಕು.

ಅವಳು ಕರವಸ್ತ್ರವನ್ನು ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಒಳಮೈ ಮೇಲಾಗುವಂತೆ ತಿರುಗಿಸಿ, ಅಜ್ಜನ ಮಂಡಿಯ ಮೇಲೆ ಚಾಕುವಿನ ಪಕ್ಕದಲ್ಲಿಟ್ಟಳು.

"ತಡವಾಯ್ತು ಅಜ್ಜ" ಎಂದಳು. "ನಡುವೆ ಕೆರೀರಿ."